ದ್ವೀಪವಾಗಿದ್ದ ಊರು ನೆಲಕ್ಕೆ ಅಂಟಿಕೊಂಡಿದ್ದು ಹೇಗೆ? ಲೆಬನಾನಿನ ಸೂರ್ ಬಗ್ಗೆ ಒಂದು ಅನುಮಾನ

ಕುತೂಹಲಿ ಕಾವೇರಿ:

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಉಪಗ್ರಹ ನಕ್ಷೆ ತಿರುಗಿಸುತ್ತಾ ಕೂತಿದ್ದೆ. ಬೈರೂತಿನಿಂದ ಸುಮಾರು 80 ಕಿ.ಮೀ. ದಕ್ಷಿಣಕ್ಕೆ ಒಂದು ಊರು ಸಮುದ್ರದೊಳಕ್ಕೆ ಮೂಗು ಚಾಚಿಕೊಂಡಿದೆ. ಇಂಗ್ಲಿಷಿನವರಿಗೆ ಟೈರ್, ಅಲ್ಲಿಯವರಿಗೆ ಸೂರ್, ನಮ್ಮ ಕನ್ನಡ ಬೈಬಲ್ಲಿನಲ್ಲಿ ತೂರ್. ಬಂಡೆ ಅಂತ ಅರ್ಥ.

ಕ್ರಿ.ಪೂ. 332ರವರೆಗೆ ಇದು ದ್ವೀಪವಾಗಿತ್ತು, ಅಲೆಕ್ಸಾಂಡರ್ ಸಮುದ್ರಕ್ಕೆ ಕಲ್ಲುಮಣ್ಣು ಸುರಿದು ದಾರಿ ಮಾಡಿದ, ಅಂದಿನಿಂದ ನೆಲಕ್ಕೆ ಸೇರಿಕೊಂಡಿತು ಅಂತ ಓದಿದ್ದೆ. ಆದರೆ ನಕ್ಷೆಯಲ್ಲಿ ಆ ಕುತ್ತಿಗೆ ಭಾಗ ನೋಡಿ. ನೂರಾರು ಮೀಟರ್ ಅಗಲ ಇದೆ, ಮೇಲೆ ಮನೆ, ರಸ್ತೆ, ಅಂಗಡಿ ಎಲ್ಲಾ ಇವೆ. ಅವನು ಹಾಕಿದ ದಾರಿ 60 ಮೀಟರ್ ಅಗಲ ಅಂತಾರೆ. ಉಳಿದ ನೆಲ ಎಲ್ಲಿಂದ ಬಂತು?

ದಾವಣಗೆರೆ ಬೆಣ್ಣೆ:

ಟೈರ್ ಅಂದ ತಕ್ಷಣ ಪಂಕ್ಚರ್ ಅಂಗಡಿ ವಿಷಯ ಅಂದುಕೊಂಡು ಬಂದೆ. ಬಂದಾಗಿದೆ, ಕೂತು ಕೇಳ್ತೀನಿ.

ಮರವಂತೆ ಮರಳು:

ಕಾವೇರಿಯವರೇ, ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದೀರಿ. ಉಳಿದದ್ದೆಲ್ಲಾ ಮರಳು.

ನಾನು ಹುಟ್ಟಿ ಬೆಳೆದದ್ದು ಕಡಲ ದಂಡೆಯಲ್ಲಿ. ನಮ್ಮ ಕಡೆ ಅಳಿವೆ ಬಾಯಿಗೆ ಕಲ್ಲಿನ ತಡೆಗೋಡೆ ಹಾಕಿದರೆ ಏನಾಗುತ್ತದೆ ಅಂತ ಮೀನುಗಾರರ ಮಕ್ಕಳಿಗೂ ಗೊತ್ತು. ಒಂದು ಮಗ್ಗುಲಲ್ಲಿ ಮರಳು ಕೂರುತ್ತದೆ, ಇನ್ನೊಂದು ಮಗ್ಗುಲಲ್ಲಿ ಕಡಲ್ಕೊರೆತ ಶುರು. ಅಲೆಗಳು ದಂಡೆಯ ಉದ್ದಕ್ಕೂ ಮರಳನ್ನು ಹೊತ್ತು ಸಾಗುತ್ತಲೇ ಇರುತ್ತವೆ. ಅಡ್ಡ ಏನಾದರೂ ಸಿಕ್ಕರೆ ಅಲ್ಲಿ ಇಳಿಸುತ್ತವೆ, ಅಷ್ಟೇ.

ಈಗ ದಂಡೆಯ ಮುಂದೆ ಒಂದು ದ್ವೀಪ ಇದೆ ಅಂದುಕೊಳ್ಳಿ. ಅಲೆಗಳ ಹೊಡೆತವನ್ನೆಲ್ಲಾ ಅದು ಎದೆಕೊಟ್ಟು ತಡೆಯುತ್ತದೆ. ಅದರ ಹಿಂದೆ, ಅಂದರೆ ದಂಡೆಗೂ ದ್ವೀಪಕ್ಕೂ ನಡುವೆ, ನೀರು ಅಲೆಯಿಲ್ಲದೆ ಸುಮ್ಮನಿರುತ್ತದೆ. ಸುಮ್ಮನಿರುವ ನೀರಿನಲ್ಲಿ ಮರಳು ಕೆಳಗೆ ಕೂರುತ್ತದೆ. ಸೂರ್‌ನ ಉತ್ತರಕ್ಕೆ ಲಿತಾನಿ ನದಿ ಸಮುದ್ರ ಸೇರುತ್ತದೆ, ಹಾಗಾಗಿ ಮರಳಿಗೂ ಬರ ಇಲ್ಲ. ಸಾವಿರಾರು ವರ್ಷ ಹೀಗೆ ಕೂತೂ ಕೂತೂ ನೀರಿನಡಿ ಒಂದು ದಿಬ್ಬ ಎದ್ದಿತ್ತು. ಫ್ರಾನ್ಸಿನ ನಿಕ್ ಮರಿನರ್ ಮತ್ತು ಜೊತೆಯವರು ಅಲ್ಲಿ ನೆಲ ಕೊರೆದು, ಆಳದ ಮಣ್ಣಿನ ಪದರ ತೆಗೆದು ನೋಡಿ 2007ರಲ್ಲಿ ಇದನ್ನು ಪ್ರಕಟಿಸಿದರು. ಅಲೆಕ್ಸಾಂಡರ್ ಬರುವ ಹೊತ್ತಿಗೆ ಆ ದಿಬ್ಬದ ನೆತ್ತಿ ನೀರಿನಿಂದ ಬರೀ ಒಂದೆರಡು ಮೀಟರ್ ಕೆಳಗಿತ್ತು.

ಅವನು ಅದರ ಮೇಲೆ ಕಲ್ಲು ಸುರಿದ. ನೀರು ಓಡಾಡುತ್ತಿದ್ದ ಸಂದು ಮುಚ್ಚಿಹೋಯಿತು. ಆಮೇಲೆ ಎರಡೂ ಕಡೆಯಿಂದ ಮರಳು ಬಂದು ಒರಗಿಕೊಂಡಿತು. ನೀವು ನಕ್ಷೆಯಲ್ಲಿ ನೋಡಿದ ಅಗಲವೆಲ್ಲಾ ಅದೇ. ಒಟ್ಟಿನಲ್ಲಿ ಮುಕ್ಕಾಲು ಕೆಲಸ ಕಡಲೇ ಮಾಡಿತ್ತು, ಹೆಸರು ಮಾತ್ರ ಅವನಿಗೆ ಬಂತು.

ಅನುಮಾನ ರಾಯ:

ಅರ್ಧ ಒಪ್ಪಿದೆ. ಇನ್ನರ್ಧಕ್ಕೆ ತಕರಾರಿದೆ.

ಅಲೆಕ್ಸಾಂಡರನ ದಂಡಯಾತ್ರೆ ಬರೆದ ಅರ್ರಿಯನ್ ಆಳದ ಲೆಕ್ಕ ಕೊಟ್ಟಿದ್ದಾನೆ. ನೆಲದ ಕಡೆ ಕೆಸರು, ಆಳ ಕಡಿಮೆ. ಊರ ಗೋಡೆ ಹತ್ತಿರ ಬಂದ ಹಾಗೆ ಸುಮಾರು ಮೂರು ಮಾರು ಆಳ. ಗ್ರೀಕರ ಆ ಅಳತೆಯೂ ನಮ್ಮ ಮಾರಿನ ಹಾಗೇ, ಎರಡೂ ಕೈ ಚಾಚಿದರೆ ಬರುವ ಉದ್ದ. ಅಂದರೆ ಐದೂವರೆ ಮೀಟರ್ ಹತ್ತಿರ ಬಂತು. ಮೊದಲ ಭಾಗ ಸಲೀಸಾಗಿ ಮುಗಿದು, ಕೊನೆಯಲ್ಲೇ ಅವನು ಒದ್ದಾಡಿದ್ದು. ನೆಲದಿಂದ ಊರಿಗೆ ಇದ್ದ ದೂರ ನಾಲ್ಕು ಸ್ಟೇಡಿಯಂ, ಅಂದರೆ 700 ಮೀಟರಿಗಿಂತ ಸ್ವಲ್ಪ ಜಾಸ್ತಿ. ಮುಕ್ಕಾಲು ಕೆಲಸ ಕಡಲು ಮಾಡಿದ್ದರೂ ಉಳಿದ ಕಾಲು ಭಾಗಕ್ಕೆ ಹೋದ ಜೀವಗಳನ್ನು ಲೆಕ್ಕಕ್ಕೆ ಹಿಡಿಯಬೇಕಲ್ವಾ?

ಜಗಳ ಶುರುವಾದದ್ದು ಪೂಜೆಯಿಂದ. ಸೂರ್‌ನ ದೇವರು ಮೆಲ್ಕಾರ್ಟ್. ಹೆಸರಿನ ಅರ್ಥವೇ ಊರಿನ ರಾಜ. ಗ್ರೀಕರು ಅವನನ್ನು ತಮ್ಮ ವೀರದೇವರು ಹೆರಾಕ್ಲಿಸ್ ಅಂತಲೇ ಎಣಿಸುತ್ತಿದ್ದರು. ಅಲೆಕ್ಸಾಂಡರನ ಮನೆತನ ಹೆರಾಕ್ಲಿಸನ ವಂಶ ಅಂತ ಹೇಳಿಕೊಳ್ಳುತ್ತಿತ್ತು. ಹಾಗಾಗಿ ಅವನು, ನಿಮ್ಮ ಗುಡಿಯಲ್ಲಿ ನಾನು ಬಲಿ ಕೊಡಬೇಕು ಅಂತ ಕೇಳಿದ. ಮೊದಲ ಪೂಜೆ ಯಾರದ್ದು ಅನ್ನೋದಕ್ಕೆ ನಮ್ಮ ಜಾತ್ರೆಗಳಲ್ಲೂ ತಲೆ ಒಡೆದಿವೆ. ಸೂರ್‌ನವರಿಗೆ ಇದರ ಮರ್ಮ ಚೆನ್ನಾಗಿ ಗೊತ್ತಿತ್ತು. ಗುಡಿಯೊಳಗೆ ಬಿಟ್ಟುಕೊಂಡರೆ ಊರನ್ನೇ ಒಪ್ಪಿಸಿದ ಹಾಗೆ. ಆಚೆ ದಂಡೆಯ ಹಳೇ ಊರಿನಲ್ಲೂ ಒಂದು ಗುಡಿ ಇದೆ, ಅಲ್ಲೇ ಮಾಡಿಕೊಳ್ಳಿ ಅಂದರು.

ಅಲೆಕ್ಸಾಂಡರ್ ಆ ಹಳೇ ಊರನ್ನೇ ಕೆಡವಿದ. ಅದರ ಕಲ್ಲು, ಲೆಬನಾನಿನ ಬೆಟ್ಟದ ಮರ, ಎಲ್ಲಾ ಸಮುದ್ರಕ್ಕೆ ಸುರಿಸಿದ. ದಾರಿಯ ತುದಿಯಲ್ಲಿ ಎರಡು ಮರದ ಗೋಪುರ ನಿಲ್ಲಿಸಿದ. ಊರಿನವರು ಏನು ಮಾಡಿದರು ನೋಡಿ. ಕುದುರೆ ಸಾಗಿಸುವ ದೊಡ್ಡ ಹಡಗಿಗೆ ಒಣ ಕಟ್ಟಿಗೆ, ರಾಳ, ಗಂಧಕ ತುಂಬಿದರು. ಹಿಂಭಾಗಕ್ಕೆ ಭಾರ ಹೇರಿದರು, ಮುಂಭಾಗ ಮೇಲೆದ್ದು ದಾರಿಯ ಮೇಲೆ ಹತ್ತಿ ಕೂರಲಿ ಅಂತ. ಗಾಳಿ ನೋಡಿ ಬಿಟ್ಟು ಬೆಂಕಿ ಹಚ್ಚಿದರು. ಎರಡೂ ಗೋಪುರ ಬೂದಿ.

ಕೊನೆಗೆ ಊರು ಬಿದ್ದದ್ದು ಈ ದಾರಿಯಿಂದಲ್ಲ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಉತ್ತರದ ನೆರೆ ಊರು ಸೀದೋನ್, ಸೈಪ್ರಸ್ ಕಡೆಯ ಹಡಗುಗಳು ಅಲೆಕ್ಸಾಂಡರನ ಪಕ್ಷಕ್ಕೆ ಬಂದವು. ಇನ್ನೂರಕ್ಕೂ ಹೆಚ್ಚು. ಹಡಗಿನ ಮೇಲೆ ಗೋಡೆ ಒಡೆಯುವ ಯಂತ್ರ ಕಟ್ಟಿ, ಗೋಡೆ ಸುತ್ತ ತಟ್ಟುತ್ತಾ ಹೋಗಿ, ದಕ್ಷಿಣದಲ್ಲಿ ಬಿರುಕು ಹುಡುಕಿದರು. ಅಲ್ಲಿಂದ ನುಗ್ಗಿದರು. ಏಳು ತಿಂಗಳ ಮುತ್ತಿಗೆ ಮುಗಿಯಿತು. ಅರ್ರಿಯನ್ ಪ್ರಕಾರ ಊರಿನವರು 8,000 ಜನ ಸತ್ತರು, 30,000 ಜನ ಗುಲಾಮರಾಗಿ ಮಾರಾಟವಾದರು. ಬದುಕಿದ 2,000 ಗಂಡಸರನ್ನು ದಂಡೆಯುದ್ದಕ್ಕೂ ಶಿಲುಬೆಗೆ ಹೊಡೆದರು ಅಂತ ರೋಮನ್ ಇತಿಹಾಸಕಾರ ಕರ್ಟಿಯಸ್ ಬರೆಯುತ್ತಾನೆ. ಅಲೆಕ್ಸಾಂಡರ್ ಆಮೇಲೆ ಗುಡಿಗೆ ಹೋಗಿ ಪೂಜೆ ಮಾಡಿದ.

ಮರವಂತೆ ಮರಳು:

ರಾಯರ ತಕರಾರು ನ್ಯಾಯವಾದದ್ದೇ. ಮೂರು ಮಾರು ಇದ್ದದ್ದು ಊರಿನ ಮಗ್ಗುಲಲ್ಲಿ, ದಿಬ್ಬ ಇದ್ದದ್ದು ನಡುವೆ. ಎರಡೂ ಒಟ್ಟಿಗೆ ಇರಬಹುದು. ಮುಕ್ಕಾಲು ಅಂದದ್ದು ನನ್ನ ಬಾಯಿಮಾತು, ಅಳತೆ ಹಿಡಿದದ್ದಲ್ಲ. ವಾಪಸ್ ತಗೊಂಡೆ.

ಕುತೂಹಲಿ ಕಾವೇರಿ:

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಂದು ಪ್ರಶ್ನೆ. ಬಂಡೆಯ ಮೇಲೆ ಊರು ಕಟ್ಟಿದರೆ ಕುಡಿಯುವ ನೀರು? ಸುತ್ತ ಉಪ್ಪು ನೀರು ತಾನೇ?

ನಿವೃತ್ತ ಸುಬೇದಾರ್:

ತಂಗೀ, ಇದಕ್ಕೆ ನಾನು ಹೇಳಬಲ್ಲೆ. ನಾನು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ದಕ್ಷಿಣ ಲೆಬನಾನಿನಲ್ಲಿದ್ದವನು. ನಮ್ಮ ಠಾಣೆ ಪೂರ್ವದ ಗುಡ್ಡಗಳ ಕಡೆ. ಒಂದು ರಜೆಯ ದಿನ ನಾಲ್ಕು ಜನ ಸೂರ್‌ಗೆ ಹೋಗಿದ್ದೆವು.

ಊರಿನ ದಕ್ಷಿಣಕ್ಕೆ ರಾಸ್ ಅಲ್ ಐನ್ ಅನ್ನುವ ಜಾಗ ಇದೆ. ಬುಗ್ಗೆಯ ತಲೆ ಅಂತ ಅರ್ಥ. ನೆಲದಿಂದ ಸಿಹಿನೀರು ಉಕ್ಕುತ್ತದೆ. ಸುತ್ತ ದಪ್ಪ ಗೋಡೆ ಕಟ್ಟಿ ನೀರನ್ನು ಎತ್ತರಕ್ಕೆ ನಿಲ್ಲಿಸಿದ್ದಾರೆ. ನೀರು ಎಷ್ಟು ತಣ್ಣಗೆ ಅಂದರೆ ನಮ್ಮ ಭಾಗಮಂಡಲ ನೆನಪಾಯಿತು. ದ್ವೀಪದವರಿಗೆ ನೀರು ಆ ದಂಡೆಯಿಂದಲೇ ಬರಬೇಕಿತ್ತು. ಹಾಗಾಗಿ ದಂಡೆ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಊರಿನ ಗಂಟಲು. ಸೈನಿಕನಾಗಿ ನನಗೆ ಮೊದಲು ಕಂಡದ್ದೇ ಇದು.

ಹಳೇ ನಾಣ್ಯ:

ಸುಬೇದಾರರ ಮಾತಿಗೆ ಪುರಾವೆ ಇದೆ. ಈಜಿಪ್ಟಿನ ಅಮಾರ್ನಾದಲ್ಲಿ ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದ ಪತ್ರಗಳು ಸಿಕ್ಕಿವೆ, ಕ್ರಿ.ಪೂ. 14ನೇ ಶತಮಾನದವು. ಅದರಲ್ಲಿ ಸೂರ್‌ನ ಅರಸ ಅಬಿಮಿಲ್ಕು ಫೇರೋಗೆ ಬರೆದ ಪತ್ರಗಳೂ ಇವೆ. ಸೀದೋನಿನ ಜಿಮ್ರಿದಾ ದಂಡೆಯ ಉಸು ಊರನ್ನು ಹಿಡಿದುಬಿಟ್ಟಿದ್ದಾನೆ, ನಮಗೆ ಕುಡಿಯಲು ನೀರಿಲ್ಲ, ಸೌದೆ ಇಲ್ಲ, ಸತ್ತವರನ್ನು ಹೂಳಲು ಜಾಗವೂ ಇಲ್ಲ ಅಂತ ಗೋಳಾಡಿದ್ದಾನೆ. ಮತ್ತೆ ಮತ್ತೆ ಬರೆದಿದ್ದಾನೆ, ನಾವು ಕಚೇರಿಗೆ ಅರ್ಜಿ ಮೇಲೆ ಅರ್ಜಿ ಹಾಕುವ ಹಾಗೆ.

ಅಸ್ಸೀರಿಯಾದವರು ಮುತ್ತಿಗೆ ಹಾಕಿದಾಗಲೂ ನದಿ, ಕಾಲುವೆಗಳಿಗೆ ಕಾವಲು ಹಾಕಿದರಂತೆ. ಊರಿನವರು ಐದು ವರ್ಷ ಬಾವಿ ತೋಡಿ ನೀರು ಕುಡಿದರು ಅಂತ ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಬ್ಯಾಬಿಲೋನಿನ ನೆಬೂಕದ್ನೆಚ್ಚರ್ ಹದಿಮೂರು ವರ್ಷ ಕಾದ. ಸಮುದ್ರದ ಕಡೆಯಿಂದ ಹಡಗು ಬರುತ್ತಿರುವಾಗ ಬರೀ ನೆಲದ ಕಡೆ ಮುತ್ತಿಗೆ ಹಾಕಿ ಏನು ಸುಖ?

ದಾವಣಗೆರೆ ಬೆಣ್ಣೆ:

ಇಷ್ಟೆಲ್ಲಾ ಜನ ಮೇಲೆ ಬಿದ್ದು ಹಿಡಿಯೋಕೆ ಆ ಬಂಡೆ ಮೇಲೆ ಏನಿತ್ತು ಸ್ವಾಮೀ?

ಬಣ್ಣದ ಬಾನೆ:

ಬಸವನಹುಳು ಇತ್ತು!

ನಮ್ಮದು ಇಳಕಲ್ ಕಡೆ. ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ. ಸಮುದ್ರದ ಒಂದು ಜಾತಿ ಮುಳ್ಳುಚಿಪ್ಪಿನ ಬಸವನಹುಳು, ಮ್ಯೂರೆಕ್ಸ್ ಅನ್ನುತ್ತಾರೆ. ಅದರ ಒಳಗೆ ಒಂದು ಚಿಕ್ಕ ಗ್ರಂಥಿ. ಅದರ ರಸಕ್ಕೆ ಮೊದಲು ಬಣ್ಣವೇ ಇರುವುದಿಲ್ಲ. ಗಾಳಿ, ಬೆಳಕು ತಾಗಿದ ಮೇಲೆ ಹಳದಿ, ಹಸಿರು, ನೀಲಿ ಅಂತ ತಿರುಗುತ್ತಾ ಕೊನೆಗೆ ಕೆನ್ನೇರಳೆಗೆ ನಿಲ್ಲುತ್ತದೆ. ನೀಲಿ ಬಾನೆಯಲ್ಲಿ ಕೈ ಅದ್ದಿದವರಿಗೆ ಇದು ಆಶ್ಚರ್ಯ ಅಲ್ಲ. ನಾವು ನೂಲಿನ ಲಡಿ ಎತ್ತಿದಾಗ ಅದು ಹಸಿರುಹಳದಿ ಇರುತ್ತದೆ. ಎರಡು ಸಲ ಕೊಡವಿ ಗಾಳಿಗೆ ಹಿಡಿದರೆ ಕಣ್ಣೆದುರೇ ನೀಲಿಯಾಗುತ್ತದೆ. ಎರಡೂ ನಂಟರೇ. ಗಿಡದ ನೀಲಿಯ ಅಣುವಿಗೆ ಎರಡು ಬ್ರೋಮಿನ್ ಸೇರಿದರೆ ಸೂರ್‌ನ ಬಣ್ಣ. ಇದನ್ನು 1909ರಲ್ಲಿ ಪಾಲ್ ಫ್ರೀಡ್‌ಲೆಂಡರ್ ಅನ್ನುವ ರಸಾಯನ ವಿಜ್ಞಾನಿ ಪತ್ತೆ ಮಾಡಿದ. ಅದಕ್ಕೆ ಅವನಿಗೆ 12,000 ಹುಳು ಬೇಕಾದವು. ಸಿಕ್ಕ ಬಣ್ಣ 1.4 ಗ್ರಾಂ. ಒಂದು ಮೂಗುಬೊಟ್ಟಿಗೆ ಸಾಲುವಷ್ಟು.

ಹಾಗಾಗಿ ಬೆಲೆ ಊಹಿಸಿ. ರೋಮಿನ ಡಯೊಕ್ಲೀಶಿಯನ್ 301ರಲ್ಲಿ ಸರಕುಗಳಿಗೆ ಗರಿಷ್ಠ ಬೆಲೆ ಕಟ್ಟಿದ. ಈ ಬಣ್ಣದ ರೇಷ್ಮೆ ಒಂದು ಪೌಂಡಿಗೆ 1,50,000 ದಿನಾರಿ.

ಒಂದು ತಪ್ಪು ಕಲ್ಪನೆ ಇದೆ. ನೇರಳೆ ಅಂದರೆ ನಮ್ಮ ನೇರಳೆ ಹಣ್ಣಿನ ಬಣ್ಣ ಅಂದುಕೊಳ್ಳುತ್ತಾರೆ. ರೋಮನ್ ಲೇಖಕ ಪ್ಲಿನಿ ಹೊಗಳಿದ್ದು ಹೆಪ್ಪುಗಟ್ಟಿದ ರಕ್ತದ ಬಣ್ಣವನ್ನು. ನೋಡಿದ ತಕ್ಷಣ ಕಪ್ಪು, ಬೆಳಕಿಗೆ ಹಿಡಿದರೆ ಹೊಳಪು. ಹಳೇ ಇಳಕಲ್ ಸೀರೆಯ ದಾಳಿಂಬೆ ಕೆಂಪು ನೋಡಿದ್ದೀರಲ್ಲಾ, ಅದನ್ನು ಇನ್ನಷ್ಟು ಕಡುವಾಗಿಸಿ.

ಇನ್ನು ವಾಸನೆ. ಸತ್ತ ಹುಳುವಿನ ರಾಶಿ, ಉಪ್ಪು, ದಿನಗಟ್ಟಲೆ ಸಣ್ಣ ಉರಿ. ಬಣ್ಣದ ಕಾರ್ಖಾನೆಗಳಿಂದ ಊರು ವಾಸಕ್ಕೆ ಹಿತವಲ್ಲ, ಆದರೆ ಅದರಿಂದಲೇ ಶ್ರೀಮಂತ ಅಂತ ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ಬರೆದಿದ್ದಾನೆ. ನಮ್ಮ ಓಣಿಗೆ ನೆಂಟರು ಬಂದಾಗ ಮೂಗು ಮುಚ್ಚಿಕೊಳ್ಳುತ್ತಾರೆ, ಹೋಗುವಾಗ ಸೀರೆ ಕೇಳುತ್ತಾರೆ. ಎರಡು ಸಾವಿರ ವರ್ಷದಿಂದ ಇದೇ ಕಥೆ.

ಹಳೇ ನಾಣ್ಯ:

ಈ ಬಣ್ಣ ಕಂಡುಹಿಡಿದದ್ದು ನಾಯಿ ಅಂತ ಒಂದು ಕಥೆ ಇದೆ. ಹೆರಾಕ್ಲಿಸನ ನಾಯಿ ದಂಡೆಯಲ್ಲಿ ಹುಳು ಕಚ್ಚಿತು, ಮೂತಿ ಕೆಂಪಾಯಿತು. ರೋಮನ್ ಕಾಲದ ಸೂರ್ ನಾಣ್ಯಗಳಲ್ಲಿ ನಾಯಿ, ಚಿಪ್ಪು ಎರಡೂ ಇವೆ.

ನನಗೆ ಇಷ್ಟವಾದದ್ದು ಅದಕ್ಕೂ ಹಳೇ ಬೆಳ್ಳಿ ಶೆಕೆಲ್. ಊರು ಕ್ರಿ.ಪೂ. 126ರಲ್ಲಿ ಮತ್ತೆ ಸ್ವತಂತ್ರವಾದ ಮೇಲೆ ಹೊಡೆದದ್ದು. ಸುಮಾರು 14 ಗ್ರಾಂ. ಒಂದು ಕಡೆ ಮೆಲ್ಕಾರ್ಟ್‌ನ ಮುಖ, ಇನ್ನೊಂದು ಕಡೆ ಹದ್ದು. ಸುತ್ತ ಗ್ರೀಕಿನಲ್ಲಿ, ಸೂರ್‌ನದ್ದು, ಪವಿತ್ರ, ಯಾರೂ ಮುಟ್ಟುವಂತಿಲ್ಲ ಅಂತ ಬರಹ. ಮಜಾ ಏನಂದರೆ ಜೆರುಸಲೇಮಿನ ದೇವಾಲಯದ ವಾರ್ಷಿಕ ಕಾಣಿಕೆಗೆ ಈ ನಾಣ್ಯವೇ ಬೇಕಿತ್ತು. ಮೂರ್ತಿಪೂಜೆ ಒಪ್ಪದವರ ಗುಡಿಯ ಹುಂಡಿಗೆ ಇನ್ನೊಬ್ಬ ದೇವರ ಮುಖದ ನಾಣ್ಯ! ಕಾರಣ ಸರಳ. ಬೆಳ್ಳಿ ಅಷ್ಟು ಶುದ್ಧ.

ಕುತೂಹಲಿ ಕಾವೇರಿ:

ಉತ್ತರ ಆಫ್ರಿಕಾದ ಕಾರ್ತೇಜ್ ಕೂಡ ಇವರದ್ದೇ ಅಲ್ವಾ?

ಅನುಮಾನ ರಾಯ:

ಹೌದು. ಸೂರ್‌ನ ಅರಸ ಪಿಗ್ಮಾಲಿಯನ್, ಅವನ ಅಕ್ಕ ಎಲಿಸ್ಸಾ. ಆಸ್ತಿಗಾಗಿ ಅವಳ ಗಂಡನನ್ನು ತಮ್ಮನೇ ಕೊಲ್ಲಿಸಿದ. ಅವಳು ಹಡಗು ಹತ್ತಿ ಇಂದಿನ ಟುನೀಶಿಯಾಕ್ಕೆ ಹೋಗಿ ಊರು ಕಟ್ಟಿದಳು ಅಂತ ಕಥೆ. ಗ್ರೀಕರು ಕೊಡುವ ವರ್ಷ ಕ್ರಿ.ಪೂ. 814. ಮೂಲ ಹೆಸರು ಕಾರ್ತ್ ಹದಶ್ತ್. ಕನ್ನಡದಲ್ಲಿ ಹೇಳಬೇಕಂದರೆ ಹೊಸೂರು. ಆಮೇಲೆ ಕಾರ್ತೇಜಿನವರು ಸ್ಪೇನಿನಲ್ಲಿ ಇನ್ನೊಂದು ಹೊಸೂರು ಮಾಡಿದರು. ರೋಮನರು ಗೊಂದಲ ಬೇಡ ಅಂತ ಅದಕ್ಕೆ ಹೊಸ ಕಾರ್ತೇಜ್ ಅಂದರು. ಇಂದಿನ ಕಾರ್ತಹೇನಾ ಅದೇ.

ದಾವಣಗೆರೆ ಬೆಣ್ಣೆ:

ಅಂದ್ರೆ ಹೊಸ ಹೊಸೂರು. ನಮ್ಮ ಬಡಾವಣೆಗಳಿಗೆ ಹೆಸರಿಡೋರು ಇವರ ವಂಶದವರೇ ಇರಬೇಕು.

ಅನುಮಾನ ರಾಯ:

ಮಗಳು ಊರು ತವರನ್ನು ಮರೆಯಲಿಲ್ಲ. ಕಾರ್ತೇಜಿನಿಂದ ಪ್ರತಿವರ್ಷ ಮೆಲ್ಕಾರ್ಟ್ ಗುಡಿಗೆ ಕಾಣಿಕೆ ಬರುತ್ತಿತ್ತು. ಅಲೆಕ್ಸಾಂಡರ್ ಬಂದಾಗ ಮಾತ್ರ ಅಲ್ಲಿಂದ ಸೈನ್ಯ ಬರಲಿಲ್ಲ. ಕಾರ್ತೇಜಿನವರು ಹಿಂದೆ ಕೊಟ್ಟಿದ್ದ ಅಪೋಲೋ ವಿಗ್ರಹವೊಂದು ಊರಿನಲ್ಲಿತ್ತು. ದೇವರು ಶತ್ರುವಿನ ಕಡೆ ಹೋಗುತ್ತಾನೆ ಅಂತ ಯಾರಿಗೋ ಕನಸು ಬಿತ್ತಂತೆ. ಊರಿನವರು ಆ ವಿಗ್ರಹಕ್ಕೆ ಚಿನ್ನದ ಸರಪಳಿ ಹಾಕಿ ಕಟ್ಟಿದರು. ಹೆದರಿದ ಊರು ಹೇಗಿರುತ್ತದೆ ಅಂತ ತಿಳಿಯೋಕೆ ನನಗೆ ಇದೊಂದು ಸಾಕು.

ಮರವಂತೆ ಮರಳು:

ನಮಗೂ ಸೂರ್‌ಗೂ ಒಂದು ಎಳೆ ಇದೆ, ಹೇಳಿಬಿಡ್ತೀನಿ. ಕ್ರಿ.ಶ. 100ರ ಆಸುಪಾಸಿನಲ್ಲಿ ಅಲ್ಲಿ ಮರಿನಸ್ ಅನ್ನುವ ಭೂಗೋಳಜ್ಞ ಇದ್ದ. ಮರಿನಸ್ ಬೇರೆ, ಮೇಲೆ ಹೇಳಿದ ಮರಿನರ್ ಬೇರೆ! ಅವನ ನಂತರದ ಭೂಗೋಳಜ್ಞ ಟಾಲೆಮಿ ತನ್ನ ಭೂಗೋಳದ ಪುಸ್ತಕಕ್ಕೆ ತಳಪಾಯ ಅಂತ ಹೇಳಿಕೊಳ್ಳುವುದು ಮರಿನಸ್‌ನ ಕೆಲಸವನ್ನೇ. ಟಾಲೆಮಿಯ ಆ ಪುಸ್ತಕದಲ್ಲೇ ನಮ್ಮ ಬನವಾಸಿಯ ಹೆಸರಿದೆ.

ಇನ್ನೊಬ್ಬ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ. ಅವನು 1326ರಲ್ಲಿ ಸೂರ್ ನೋಡಿದಾಗ ಊರು ಹಾಳು ಬಿದ್ದಿತ್ತು. 1124ರಲ್ಲಿ ಕ್ರುಸೇಡಿನವರು, ಅಂದರೆ ಯುರೋಪಿನಿಂದ ದಂಡೆತ್ತಿ ಬಂದ ಕ್ರೈಸ್ತರು, ವೆನಿಸ್ ಹಡಗುಗಳ ಸಹಾಯದಿಂದ ಹಿಡಿದಿದ್ದರು. 1187ರಲ್ಲಿ ಸುಲ್ತಾನ ಸಲಾದೀನನಿಗೂ ಬಗ್ಗಲಿಲ್ಲ. 1291ರಲ್ಲಿ ಈಜಿಪ್ಟ್ ಆಳುತ್ತಿದ್ದ ಮಮ್ಲೂಕರು ಬಂದು ಕೆಡವಿದರು. ಬತೂತ ಕಂಡದ್ದು ಅದರ ಉಳಿಕೆ. ಎರಡು ಬುರುಜಿನ ನಡುವೆ ಬಂದರಿನ ಬಾಯಿ, ಅಡ್ಡಲಾಗಿ ಸರಪಳಿ ಅಂತ ವರ್ಣಿಸಿದ್ದಾನೆ. ಅದೇ ಮನುಷ್ಯ ಮುಂದೆ ನಮ್ಮ ಹೊನ್ನಾವರಕ್ಕೆ ಬಂದು, ಇಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇವೆ ಅಂತ ಬರೆದ. ಬಾರಕೂರು, ಮಂಗಳೂರೂ ನೋಡಿದ.

ಕುತೂಹಲಿ ಕಾವೇರಿ:

ಸುಬೇದಾರರೇ, ನೀವು ಹೋದಾಗ ಏನೇನು ನೋಡಿದಿರಿ? ಈಗ ಹೇಗಿದೆ?

ನಿವೃತ್ತ ಸುಬೇದಾರ್:

ರೋಮನರ ಕಾಲದ ರಥದ ಓಟದ ಮೈದಾನ ಇದೆ, ಸುಮಾರು 480 ಮೀಟರ್ ಉದ್ದ. ನಡುವೆ ಹುಲ್ಲು ಬೆಳೆದಿತ್ತು, ರಥ ತಿರುಗುತ್ತಿದ್ದ ತುದಿಯ ಕಲ್ಲುಗಳು ಹಾಗೇ ಇವೆ. ನಾವು ನಾಲ್ಕು ಜನ ಒಂದು ಸುತ್ತು ಓಡೋಣ ಅಂತ ಶುರು ಮಾಡಿ ಅರ್ಧಕ್ಕೇ ಕೂತೆವು. ಅದಕ್ಕೆ ಹೋಗುವ ದಾರಿಯ ಎರಡೂ ಕಡೆ ಕಲ್ಲಿನ ಶವಪೆಟ್ಟಿಗೆಗಳು. ಊರಿನ ಇನ್ನೊಂದು ತುದಿಯಲ್ಲಿ ಕಂಬಗಳ ಸಾಲು ನೇರ ಸಮುದ್ರದ ಕಡೆಗೆ ಹೋಗುತ್ತದೆ.

2024ರ ಯುದ್ಧದಲ್ಲಿ ಊರಿನ ಮೇಲೆ ಬಾಂಬ್ ಬಿದ್ದವು. ಟಿವಿಯಲ್ಲಿ ಹೊಗೆ ನೋಡಿ, ಅದು ಯಾವ ಬೀದಿ ಇರಬಹುದು ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಆ ನವೆಂಬರಿನಲ್ಲಿ ಯುನೆಸ್ಕೋ ಲೆಬನಾನಿನ 34 ಸ್ಮಾರಕ ತಾಣಗಳಿಗೆ ವಿಶೇಷ ರಕ್ಷಣೆ ಕೊಟ್ಟಿತು. ಸೂರ್ ಅದರಲ್ಲಿದೆ. ಅಲ್ಲಿ ಮೀನು ಮಾರುವವರಿಗೆ ಯಾವ ಪಟ್ಟಿ ಇದೆಯೋ.

ನನಗೆ ಜಾಸ್ತಿ ನೆನಪಿರುವುದು ಉತ್ತರದ ಪುಟ್ಟ ಬಂದರು. ಬಣ್ಣಬಣ್ಣದ ಮರದ ದೋಣಿಗಳು, ಬಲೆ ಹೆಣೆಯುವ ಮುದುಕರು. ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಅಂಗಡಿ, ಅಲ್ಲಿ ಕಾಫಿ ಕುಡಿದೆವು.

ಮರವಂತೆ ಮರಳು:

ಸಾರ್, ಒಂದು ನಿಮಿಷ. ಆ ಅಂಗಡಿ ನೀರಿನಿಂದ ಎಷ್ಟು ದೂರ?

ನಿವೃತ್ತ ಸುಬೇದಾರ್:

ಐವತ್ತು ಅರವತ್ತು ಹೆಜ್ಜೆ ಇರಬಹುದು. ಯಾಕಪ್ಪಾ?

ಮರವಂತೆ ಮರಳು:

ಅದು ಸೀದೋನ್ ಬಂದರು, ಸೀದೋನ್ ದಿಕ್ಕಿಗೆ ಬಾಯಿ ಇರುವುದರಿಂದ ಆ ಹೆಸರು. ಹಳೇ ಕಾಲದಲ್ಲಿ ಈಗಿನದರ ಹೆಚ್ಚುಕಮ್ಮಿ ಎರಡರಷ್ಟಿತ್ತು. ಹೂಳು ತುಂಬಿ ಅರ್ಧ ಮುಚ್ಚಿತು, ಅದರ ಮೇಲೆ ಬೀದಿಗಳು ಎದ್ದವು. ಅಲ್ಲಿ ನೆಲ ಕೊರೆದಾಗ ಬಂದರಿನ ಕೆಸರೇ ಸಿಕ್ಕಿದ್ದು. ನೀವು ಕಾಫಿ ಕುಡಿದದ್ದು ಊರಿನ ಹಳೇ ಅರಸ ಹಿರಾಮನ ಹಡಗುಗಳು ನಿಲ್ಲುತ್ತಿದ್ದ ನೀರಿನ ಮೇಲೆ ಇರಬಹುದು.

ದಾವಣಗೆರೆ ಬೆಣ್ಣೆ:

ಕಾಫಿ ಹೇಗಿತ್ತು ಅದನ್ನ ಹೇಳಿ ಸಾರ್.

ನಿವೃತ್ತ ಸುಬೇದಾರ್:

ಏಲಕ್ಕಿ ಹಾಕಿದ್ದರು, ಹಾಲಿಲ್ಲ. ಕಪ್ಪಿನ ತಳದಲ್ಲಿ ಒಂದು ಬೆರಳು ಗಷ್ಟು. ನಾನು ಕೊಡಗಿನವನು, ಸುಳ್ಳು ಹೇಳಬಾರದು. ಚೆನ್ನಾಗಿತ್ತು.